ಎರಡು ಬಿಳಿ ಚುಕ್ಕೆ

ನನ್ನ ಗಂಡ ಶ್ರೀಶೈಲ್ ತೀರಿಕೊಂಡ ಮೇಲೆ, ಅಮೆರಿಕದ ಡಲ್ಲಾಸ್ ಪಕ್ಕದ ಮರ್ಫಿ ಊರಿನ ನಮ್ಮ ಗರಾಜಿನಲ್ಲಿದ್ದ ಅವರ ಆಟದ ರೈಲುಗಳನ್ನು ನೋಡಲು ಅವರ ಗೆಳೆಯ ವೆಂಕಟರಮಣ ಬಂದರು. ಬ್ರಿಟನ್ನಿನ ಹಳೆಯ ಡೀಸೆಲ್ ಎಂಜಿನ್‌ಗಳೆಂದರೆ ಇಬ್ಬರಿಗೂ ಹುಚ್ಚು. ನನಗೆ ಅವುಗಳ ಮೇಲೆ ಸಿಟ್ಟು. ಕೊನೆಯ ಚಳಿಗಾಲವೆಲ್ಲ ಆ ಮನುಷ್ಯ ನನ್ನ ಪಕ್ಕ ಕೂರದೆ ಅವುಗಳ ಮುಂದೆಯೇ ಕೂತಿದ್ದರು.

ವೆಂಕಟರಮಣ ಒಂದು ಎಂಜಿನ್ ಎತ್ತಿಕೊಂಡರು. "ಇದರ ಮುಖದ ಮೇಲೆ ಒಂದು ನಂಬರ್ ಇತ್ತು. ಯಾವ ರೈಲು, ಎಲ್ಲಿಗೆ ಹೋಗುತ್ತೆ ಅಂತ ಅದರಲ್ಲೇ ಗೊತ್ತಾಗ್ತಿತ್ತು. ಎಲ್ಲಾ ಎಂಜಿನ್‌ಗೂ ಶ್ರೀಶೈಲ್ ಅದನ್ನ ತೆಗೆದು ಕಪ್ಪು ತಗಡು ಹಾಕಿ, ಎರಡು ಬಿಳಿ ಚುಕ್ಕೆ ಇಟ್ಟಿದ್ದಾರೆ."

"ಯಾಕ್ರಿ?"

"ನಿಜವಾದ ರೈಲಿಗೂ ಎಪ್ಪತ್ತರ ದಶಕದಲ್ಲಿ ಹಾಗೇ ಮಾಡಿದ್ರು. ಮೊದಲು ಬರೀ ಸೊನ್ನೆ ತೋರಿಸಿದ್ರು, ಆಮೇಲೆ ಮುಚ್ಚೇಬಿಟ್ರು. ಯಾವ ರೈಲು ಅಂತ ಸಿಗ್ನಲ್ ನೋಡ್ಕೊಳ್ಳೋರಿಗೆ ಅವರ ಕೋಣೆಯ ಯಂತ್ರದಿಂದ ಒಳಗೇ ಗೊತ್ತಾಗ್ತಿತ್ತು. ಹೊರಗೆ ನಿಂತೋರಿಗೆ ತೋರಿಸೋ ಅಗತ್ಯ ಇರಲಿಲ್ಲ."

ಕಾಯಿಲೆ ವಾಸಿಯಾಗುವುದಿಲ್ಲ ಎಂದು ಡಲ್ಲಾಸಿನ ಡಾಕ್ಟರಿಗೆ ಅಕ್ಟೋಬರಿನಲ್ಲೇ ಗೊತ್ತಿತ್ತು. ಶ್ರೀಶೈಲ್‌ಗೂ ಗೊತ್ತಿತ್ತು. ನನ್ನ ಹತ್ತಿರ ಮಾತ್ರ ಬೆನ್ನುನೋವು ಅನ್ನುತ್ತಲೇ ಇದ್ದರು. ನನಗೆ ಗೊತ್ತಾದದ್ದು ಫೆಬ್ರವರಿಯಲ್ಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕ.

ನಾನು ಎಂಜಿನ್ ಕೈಗೆ ತೆಗೆದುಕೊಂಡು ಆ ಚುಕ್ಕೆಗಳನ್ನು ನೋಡಿದೆ. ಎಷ್ಟು ನೀಟಾಗಿ ಮುಚ್ಚಿದ್ದರು.

"ಮತ್ತ ನಂಬರ್ ಹಾಕಾಕ ಬರ್ತದೇನ್ರಿ?"

"ಹಾಕಬಹುದು. ಆದ್ರೆ ಅವರು ಮಾಡಿದ್ದು ನಂಬರ್ ಮುಚ್ಚಿದ ನಂತರದ ಕಾಲದ ರೈಲು. ನಂಬರ್ ಹಾಕಿದ್ರೆ ತಪ್ಪಾಗುತ್ತೆ."

"ತಪ್ಪಾಗ್ಲಿರಿ," ಎಂದೆ. "ಎಲ್ಲಿಗೆ ಹೊಂಟಾರಂತ ಹೊರಗ ನಿಂತಾಕಿಗೂ ಕಾಣಬೇಕಿತ್ತು."