ಸೇತುವೆಯ ಮೇಲೆ ಬಿಟ್ಟ ಚಪ್ಪಲಿ

ಸಾರವಾಡಕ್ಕೆ ಮದುವೆಯಾಗಿ ಬಂದಾಗಿನಿಂದ ಮುನೀರಾಳದು ಒಂದೇ ಹಟ. ಊರಾಚೆಯ ಜಾಲಿ ಕಾಡಿನಲ್ಲಿ ನಡೆದು ಡೋಣಿ ನದಿಯ ಹಳೇ ಸೇತುವೆಗಳನ್ನು ನೋಡಬೇಕು. ವಿಜಯಪುರದ ಪೇಟೆಯಲ್ಲಿ ಬೆಳೆದವಳಿಗೆ ಮುಳ್ಳುಕಂಟಿಯೂ ಚೆಂದ ಎಂದು ಗಂಡ ಸೈಫುದ್ದೀನ ಕಾಡಿಸುತ್ತಿದ್ದ. ಕಾಡಿಸಿದರೂ ರವಿವಾರ ಅಂಗಡಿಗೆ ಬೀಗ ಹಾಕಿ ಕರೆತಂದ. ಹೆಂಡತಿಯ ಮಾತು ತೆಗೆದುಹಾಕುವ ಗಂಡಸಲ್ಲ, ಪಾಪ.

ಮೊದಲ ಸೇತುವೆಯದು ಒಂದು ಕಮಾನು ಮಾತ್ರ ಉಳಿದಿತ್ತು. ಎರಡನೆಯದು ಗಟ್ಟಿಯಾಗಿತ್ತು. ಅದರ ಕೆಳಗೆ ನದಿ ದೊಡ್ಡದಾಗಿ ಹೊರಳಿ, ಒಂದು ಮಗ್ಗುಲಿನ ಕರಿಮಣ್ಣಿನ ದಂಡೆಯನ್ನು ಗೋಡೆಯಂತೆ ಕೊರೆದು, ಇನ್ನೊಂದು ಮಗ್ಗುಲಿಗೆ ಹೂಳು ಒಟ್ಟಿ ನಡುಗಡ್ಡೆ ಮಾಡಿತ್ತು. ನೀರು ಮೂಲೆಯಲ್ಲಿ ಸಣ್ಣಗೆ ಹರಿಯುತ್ತಿತ್ತು. ಎಲ್ಲೂ ಒಂದು ಹಕ್ಕಿಯ ದನಿ ಇರಲಿಲ್ಲ. ಅದು ಮುನೀರಾಗೆ ಯಾಕೋ ಸೇರಲಿಲ್ಲ.

"ನಡುಗಡ್ಡಿ ಮ್ಯಾಲಿಂದ ಸೇತುವಿ ಫೋಟೊ ತೆಗೀರಿ," ಎಂದಳು.

ಸೈಫುದ್ದೀನ ಚಪ್ಪಲಿ ಕಳಚಿ ಸೇತುವೆಯ ಅಂಚಿನ ಕಲ್ಲಿನ ಮೇಲಿಟ್ಟ.

"ಕೆಳಗ ಮುಳ್ಳದಾವ, ಹಾಕ್ಕೊಂಡು ಹೋಗ್ರಿ."

"ನದ್ಯಾಗ ಇಳಿಯೋರು ಚಪ್ಪಲಿ ಇಲ್ಲೇ ಬಿಡಬೇಕು. ನಮ್ಮೂರ ಪದ್ಧತಿ. ಮುಟ್ಟಬ್ಯಾಡ."

"ಯಾಕ್ರಿ?"

"ಬಂದು ಹೇಳ್ತೀನಿ."

ಆಗಲೇ ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು!

ಕೆಳಗೆ ಅವನು ನಾಲ್ಕು ಹೆಜ್ಜೆಗೊಮ್ಮೆ ಕೂತು ಅಂಗಾಲಿನ ಮುಳ್ಳು ಕೀಳತೊಡಗಿದ. ಮುನೀರಾ ಮೇಲಿನಿಂದ ನೋಡಿದಳು. ಪದ್ಧತಿಯೆಂದರೆ ನದಿಗೆ ಕೊಡುವ ಮರ್ಯಾದೆ ಇದ್ದೀತು, ಅದಕ್ಕಾಗಿ ಕಾಲು ರಕ್ತ ಮಾಡಿಕೊಳ್ಳುವುದೇ? ಚಪ್ಪಲಿ ಎತ್ತಿಕೊಂಡು ದಂಡೆ ಇಳಿದಳು. ಕಂಟಿ ಸರಿಸಿ ನಡುಗಡ್ಡೆ ಮುಟ್ಟುವಷ್ಟರಲ್ಲಿ ಒಣಗಿದಂತೆ ಕಾಣುತ್ತಿದ್ದ ಹೂಳು ಒಡೆದು ಅವನು ತೊಡೆಮಟ ಹುಗಿದುಹೋಗಿದ್ದ. ಇಬ್ಬರ ನಡುವೆ ಇದ್ದ ಒಂದೇ ಫೋನು ಕೆಸರಿನೊಳಗೆಲ್ಲೋ ಬಿದ್ದಿತ್ತು.

"ಅಲ್ಲೇ ನಿಲ್ಲು! ಮುಂದ ಬರಬ್ಯಾಡ," ಎಂದು ಕೂಗಿದವನು ಅವಳ ಕೈ ನೋಡಿದ. ಮುಖ ಬಿಳಿಚಿತು. "ಚಪ್ಪಲಿ ಯಾಕ ತಂದಿ? ಮ್ಯಾಲಿನ ಊರಾಗ ಮಳಿಯಾದ್ರ ಇಲ್ಲಿ ಬಿಸಲಿದ್ದಾಗೂ ನೀರು ಬರತೈತಿ. ಅಲ್ಲಿಯವ್ರು ನಮ್ಮ ಕುರಿಕಾಯೋ ಧೂಳಪ್ಪಗ ಫೋನ್ ಮಾಡ್ತಾರ. ಅಂವಾ ಸೇತುವಿಗೆ ಬಂದು ನೋಡ್ತಾನ. ಚಪ್ಪಲಿ ಇದ್ರ ಹಗ್ಗ ತಗೊಂಡು ಇಳೀತಾನ. ಇಲ್ಲಂದ್ರ..."

ಮಾತು ಅಲ್ಲೇ ನಿಂತಿತು. ಸೇತುವೆಯ ಮೇಲೆ ಹೆಗಲಿಗೆ ಹಗ್ಗ ಹಾಕಿಕೊಂಡ ಧೂಳಪ್ಪ ಬಂದಿದ್ದ.

ಇಬ್ಬರೂ ಗಂಟಲು ಹರಿಯುವಂತೆ ಕೂಗಿದರು. ಗಾಳಿ ಎದುರಿಗಿತ್ತು, ನಡುವೆ ಆಳೆತ್ತರದ ಜಾಲಿ. ಧೂಳಪ್ಪ ಅಂಚಿನ ಕಲ್ಲುಗಳನ್ನು ಈ ತುದಿಯಿಂದ ಆ ತುದಿಯವರೆಗೆ ಸಾವಕಾಶ ನೋಡಿದ. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಕುರಿಗಳ ಹಿಂದೆ ಹೊರಟುಹೋದ.

"ಓಡು, ಮುನೀರಾ! ಅವನ್ನ ಹಿಡಿ!"

ಅವಳು ಓಡಿದಳು. ಜಾರಿ ಬಿದ್ದಳು, ಮುಳ್ಳು ಮೈ ಗೀರಿತು, ಚಪ್ಪಲಿ ಮಾತ್ರ ಕೈಬಿಡಲಿಲ್ಲ. ಸೇತುವೆ ಹತ್ತಿದಾಗ ದಾರಿ ಬರಿದಾಗಿತ್ತು. ಧೂಳಪ್ಪ ಯಾವ ಕಡೆಯ ಕಂಟಿಗೆ ಹೊಕ್ಕನೋ ತಿಳಿಯಲಿಲ್ಲ. ಎರಡೂ ಕಡೆಗೆ ಅವನ ಹೆಸರು ಹಿಡಿದು ಚೀರಿದಳು. ನದಿಯ ಮೇಲಿನ ತಿರುವಿನಲ್ಲಿ ಲಾರಿ ಕಲ್ಲು ಸುರಿದಂತೆ ಸದ್ದು ಶುರುವಾಯಿತು.

ಮುನೀರಾ ಚಪ್ಪಲಿಗಳನ್ನು ಅದೇ ಕಲ್ಲಿನ ಮೇಲೆ, ಅವನು ಇಟ್ಟ ಹಾಗೆಯೇ ಇಟ್ಟಳು. ಈಗ ಗಾಳಿ ಇಳಿದು ಕೆಳಗಿನಿಂದ ಅವನ ಕೂಗು ಕೇಳಿಸಿತು, "ಸಿಕ್ಕನೇನ? ಧೂಳಪ್ಪ ಸಿಕ್ಕನೇನ?"

"ಬರಾಕತ್ತಾನ್ರಿ," ಎಂದಳು ಮುನೀರಾ.