ಹೊರೆ ಇಳಿಸುವ ಕಲ್ಲು

ಜೆಸಿಬಿಯವನು ಚಪ್ಪಡಿಗೆ ಬೆಲ್ಟು ಸುತ್ತುತ್ತಿದ್ದಾಗ ಬೋಜಪ್ಪ ಗೌಡರು ಎದುರಿನ ಮೋರಿಕಟ್ಟೆಯ ಮೇಲೆ ಕೂತಿದ್ದರು. ರಸ್ತೆ ಅಗಲವಾಗುತ್ತಿತ್ತು. ಎರಡು ಕಲ್ಲುಕಂಬ, ಅವುಗಳ ಮೇಲೆ ಭುಜದೆತ್ತರಕ್ಕೆ ಒಂದು ಅಡ್ಡ ಚಪ್ಪಡಿ. ಸವಣೂರು ಪೇಟೆಗೆ ತಲೆಹೊರೆ ಹೊತ್ತು ನಡೆಯುತ್ತಿದ್ದ ಕಾಲದಲ್ಲಿ ಜನ ಬಗ್ಗದೆ, ಇನ್ನೊಬ್ಬರ ಕೈ ಬೇಡದೆ, ಗೋಣಿಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಳ್ಳುತ್ತಿದ್ದರು. ಈಗ ಎಲ್ಲ ಪಿಕಪ್ಪಿನಲ್ಲಿ ಹೋಗುತ್ತದೆ. ಚಪ್ಪಡಿಯ ನಡು ಮಾತ್ರ ಇನ್ನೂ ನುಣುಪಾಗಿತ್ತು.

"ಒಡೆದು ಮೋರಿಗೆ ಹಾಕ್ತಿದ್ರು ಅಜ್ಜ, ನಾನೇ ಬಿಡ್ಲಿಲ್ಲ," ಎಂದ ಪಂಚಾಯತು ಸದಸ್ಯ ಉಲ್ಲಾಸ್. "ಲೈಬ್ರರಿ ಎದುರು ಇಡುದು. ಸುತ್ತ ಚೈನು, ಪಕ್ಕದಲ್ಲಿ ಬೋರ್ಡು. ಊರಿನ ಚರಿತ್ರೆ ಅಲ್ವಾ, ಯಾರೂ ಮುಟ್ಟಬಾರದು. ಇದನ್ನು ಹಾಕ್ಸಿದ್ದು ಯಾರೂಂತ ನಿಮಗೆ ಗೊತ್ತುಂಟಾ?"

ಬೋಜಪ್ಪರು ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿ ಲೋಲಾಕ್ಷಿ ಬಂದು ಪಕ್ಕದಲ್ಲಿ ನಿಂತರು.

ಹಾಕಿಸಿದ್ದು ಬೋಜಪ್ಪರೇ. ಮೊದಲ ಹೆಂಡತಿ ಹೊನ್ನಮ್ಮ ತುಂಬು ಬಸುರಿಯಾಗಿದ್ದಾಗ, ಹೊಳೆ ದಾಟಿಸಿ ಪುತ್ತೂರಿನ ಆಸ್ಪತ್ರೆಗೆ ಸಾಗಿಸುವ ಮೊದಲೇ ತೀರಿಕೊಂಡಿದ್ದಳು. ಹೊರೆ ಇಳಿಯದೆ ಹೋದವಳ ಹೆಸರಿನಲ್ಲಿ ದಾರಿಬದಿ ಕಲ್ಲು ನೆಡಬೇಕು, ದಾರಿಹೋಕರು ತಮ್ಮ ಹೊರೆ ಇಳಿಸಿದಷ್ಟೂ ಅವಳ ಭಾರ ಇಳಿಯುತ್ತದೆ ಎಂದು ಹಿರಿಯರು ಹೇಳಿದ್ದರು. ಯಾರೂ ಮುಟ್ಟದ ಕಲ್ಲಿನಿಂದ ಏನು ಇಳಿದೀತು? ಅಷ್ಟು ಹೇಳಿದರೆ ಉಲ್ಲಾಸ್ ಕೇಳುತ್ತಿದ್ದ, ಒಳ್ಳೆಯ ಹುಡುಗ. ಆದರೆ ಹೊನ್ನಮ್ಮ ಜ್ವರದಲ್ಲಿ ಹೋದಳೆಂದಷ್ಟೇ ಹೇಳಿ ಲೋಲಾಕ್ಷಿಯನ್ನು ಮದುವೆಯಾಗಿದ್ದರು. ಲೋಲಾಕ್ಷಿಯೂ ಬಸುರಿಯಾದಾಗ, ಹೆದರಿಯಾರೆಂದು ನಿಜ ಹೇಳಲಿಲ್ಲ. ಮಕ್ಕಳು ಮೊಮ್ಮಕ್ಕಳಾದ ಮೇಲೆ ಹೇಳುವ ಗಳಿಗೆಯೇ ಬರಲಿಲ್ಲ.

"ಗೊತ್ತಿಲ್ಲ ಮಾರಾಯ," ಎಂದರು. "ಹಿಂದಿನವರು ಯಾರೋ."

"ಹಾಗಾದ್ರೆ ರಾಜರ ಕಾಲದ್ದು ಅಂತ ಬರೆಸ್ತೇನೆ. ನಿಮಗಿಂತ ಹಳೆದು ಅಂದ್ರೆ ರಾಜರದ್ದೇ ಆಗ್ಬೇಕು!"

ಜೆಸಿಬಿಯವನೂ ನಕ್ಕ. ಚಪ್ಪಡಿ ಎದ್ದು ಗಾಳಿಯಲ್ಲಿ ಒಮ್ಮೆ ತಿರುಗಿತು. ಲೋಲಾಕ್ಷಿ ನಗಲಿಲ್ಲ.

ಮನೆಗೆ ನಡೆಯುವಾಗ ಕೇಳಿದರು: "ಹೇಳ್ಬಹುದಿತ್ತಲ್ಲ ನೀವು?"

"ಎಂತ?"

"ಹೊನ್ನಮ್ಮಕ್ಕನ ಕಲ್ಲು ಅಂತ."

ಬೋಜಪ್ಪರ ಊರುಗೋಲು ನಿಂತಿತು.

"ನಾನು ಬಂದ ವರ್ಷವೇ ಅತ್ತೆ ಹೇಳಿದ್ರು. ಸೊಪ್ಪು ತರುವಾಗ ಸುಸ್ತಾಗದಿದ್ರೂ ಅಲ್ಲಿ ಇಳಿಸಿಯೇ ಬರ್ತಿದ್ದೆ. ಬಸುರಿ ಇರುವಾಗ್ಲೂ. ನೀವಾಗಿ ಹೇಳ್ತೀರಿ ಅಂತ ಕಾದೆ."

"ನೀನು ಹೆದರ್ತೀ ಅಂತ..."

"ಈ ಪ್ರಾಯದಲ್ಲಿ ಎಂತ ಹೆದರುದು?"

ಬೋಜಪ್ಪರು ಹಿಂದೆ ತಿರುಗಿ ನೋಡಿದರು. ಕಲ್ಲು ಇದ್ದಲ್ಲಿ ಎರಡು ಗುಂಡಿ. ಜೆಸಿಬಿ ಅವಕ್ಕೆ ಜಲ್ಲಿ ತುಂಬುತ್ತಿತ್ತು.

ಮರುದಿನ ಉಲ್ಲಾಸನಿಗೆ ಹೇಳಿಯೇ ಬಿಡಬೇಕೆಂದು ಹೋದರೆ ಲೈಬ್ರರಿಯ ಎದುರು ಕಂಬಗಳ ಬುಡಕ್ಕೆ ಸಿಮೆಂಟು ಹಾಕಿ ಆಗಿತ್ತು. "ಚೆಂದ ಆಯ್ತಲ್ಲ ಅಜ್ಜ?" ಎಂದು ಹುಡುಗ ಮುಖವರಳಿಸಿ ಕೇಳಿದ. "ಆಯ್ತು," ಎಂದು ಹೇಳಿ ಬಂದರು.

ರೇಷನು ತರುವ ದಿನ ಇಬ್ಬರೂ ಲೈಬ್ರರಿಯ ಎದುರಿಗಾಗಿ ಬಂದರು. ಲೋಲಾಕ್ಷಿಯ ಸೊಂಟದ ಮೇಲೆ ಅಕ್ಕಿಯ ಚೀಲ. ಕಲ್ಲಿನ ಹತ್ತಿರ ನಿಂತು ಗಂಡನ ಮುಖ ನೋಡಿದರು. ಬೋಜಪ್ಪರು ಬಗ್ಗಿ ಸರಪಳಿಯನ್ನು ಎತ್ತಿ ಹಿಡಿದರು.

"ಅಜ್ಜಿ, ಮುಟ್ಬಾರ್ದು ಅಂತ ಬೋರ್ಡು ಉಂಟಲ್ಲ!" ಒಳಗಿನಿಂದ ಲೈಬ್ರರಿಯ ಮೋಕ್ಷಿತಾ ಕೂಗಿದಳು.

"ನನಗೆ ಓದ್ಲಿಕ್ಕೆ ಬರುದಿಲ್ಲ ಮಗಾ."

"ಅಜ್ಜನಿಗೆ ಬರ್ತದಲ್ಲ?"

"ಕನ್ನಡಕ ತರ್ಲಿಲ್ಲ," ಎಂದರು ಬೋಜಪ್ಪರು.

ಲೋಲಾಕ್ಷಿ ಚೀಲವನ್ನು ಎತ್ತಿ ಚಪ್ಪಡಿಯ ನುಣುಪಾದ ನಡುವಿನಲ್ಲಿಟ್ಟರು. ಸೆರಗಿನಿಂದ ಕತ್ತು ಒರೆಸಿಕೊಂಡರು. ಬೋಜಪ್ಪರ ಕೈಯಲ್ಲಿ ಸರಪಳಿ ಸಣ್ಣಗೆ ಸದ್ದು ಮಾಡುತ್ತಲೇ ಇತ್ತು. ಆದರೂ ಅವರು ಅದನ್ನು ಕೆಳಗಿಳಿಸಲಿಲ್ಲ.