ಅಪ್ಪ ಕುಡಿಯದ ಹೆಂಡ

ಆ ಕ್ರೈಸ್ತ ವಿಶ್ವವಿದ್ಯಾಲಯಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅವಳಿಗೆ ‘ಮೌನಿ’ ಎಂಬ ಅಡ್ಡಹೆಸರು ಬಿದ್ದಿತ್ತು. ಜಂಬದಿಂದ ಬಾಯಿ ಮುಚ್ಚಿಕೊಂಡವಳೇನಲ್ಲ. ಹೇಳಲು ಅವಳ ಬಳಿ ಏನೂ ಇರಲಿಲ್ಲ, ಅಷ್ಟೇ. ಅಲ್ಲಿ ವಾರದಲ್ಲಿ ಮೂರು ಬೆಳಿಗ್ಗೆ ಪ್ರಾರ್ಥನೆಗೆಂದು ಚಾಪೆಲ್‌ಗೆ ಹೋಗಿ ಬಾಗಿಲಲ್ಲಿ ಕಾರ್ಡು ತೋರಿಸಬೇಕು. ಗಣಿತ ಓದುವವರೂ ಬೈಬಲ್ ಪಾಠದಲ್ಲಿ ಪಾಸಾಗಬೇಕು. ಶುಕ್ರವಾರ ಸಂಜೆ ಹಾಸ್ಟೆಲ್ಲಿನ ಒಂದೊಂದು ಮಹಡಿಯ ಹುಡುಗಿಯರೂ ನೆಲದ ಮೇಲೆ ಗುಂಡಗೆ ಕೂತು ಸಾಕ್ಷಿ ಹೇಳಬೇಕು. ಸಾಕ್ಷಿ ಎಂದರೆ, ಕರ್ತನು ತಮ್ಮನ್ನು ಯಾವ ಕೆಸರಿನಿಂದ ಮೇಲೆತ್ತಿದ ಎಂಬ ಕಥೆ. ಒಬ್ಬಳು ಮಾತ್ರೆ ನುಂಗಿ ಬದುಕಿ ಬಂದಿದ್ದಳು. ಇನ್ನೊಬ್ಬಳು ಮನೆ ಬಿಟ್ಟು ಓಡಿಹೋಗಿದ್ದಳು. ಮೌನಿ ಮಾತ್ರ, “ನಾನು ಚಿಕ್ಕೋಳಿದ್ದಾಗಿಂದ ಸಂಡೇ ಸ್ಕೂಲಿಗೆ ಹೋಗ್ತಿದ್ದೆ” ಎಂದು ಶುರುಮಾಡಿ ಅಲ್ಲೇ ಮುಗಿಸುತ್ತಿದ್ದಳು. ಎಲ್ಲರೂ ಪ್ರೀತಿಯಿಂದಲೇ ತಲೆಯಾಡಿಸುತ್ತಿದ್ದರು. ಒಬ್ಬಿಬ್ಬರು ಆಕಳಿಕೆ ನುಂಗಿಕೊಳ್ಳುತ್ತಿದ್ದರು.

ಅವಳ ಅಪ್ಪ ಗಡಿಯಾರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂವನ್ನು ಚಿಮುಟದಲ್ಲಿ ಎತ್ತುವಾಗ ಉಸಿರು ಬಿಗಿಹಿಡಿಯುವ ಮನುಷ್ಯ. ಕೈ ನಡುಗೀತೆಂದು ಕಾಫಿಯನ್ನೂ ದಿನಕ್ಕೆ ಒಂದೇ ಲೋಟಕ್ಕೆ ನಿಲ್ಲಿಸಿದ್ದ. ಇಂಥ ಅಪ್ಪನಿಂದ ಎಂಥ ಸಾಕ್ಷಿ ಹುಟ್ಟೀತು?

ಎರಡನೇ ವರ್ಷದ ಒಂದು ಶುಕ್ರವಾರ ವಿಶ್ವವಿದ್ಯಾಲಯದ ಪಾಸ್ಟರ್ ಖುದ್ದಾಗಿ ಅವಳ ಮಹಡಿಗೆ ಬಂದು ಗುಂಪಿನಲ್ಲಿ ಕೂತರು. ಮೌನಿಯ ಸರದಿ ಬಂತು. ಬಾಯಿ ತೆರೆದಾಗ ಬಂದ ಮಾತು ಬೇರೆಯೇ ಆಗಿತ್ತು.

“ನಮ್ಮಪ್ಪ ಕುಡೀತಿದ್ರು.”

ಕೋಣೆ ಗಪ್‌ಚುಪ್ಪಾಯಿತು. ಆ ನಿಶ್ಶಬ್ದದ ರುಚಿ ಅವಳಿಗೆ ಹತ್ತಿಬಿಟ್ಟಿತು. ಉಳಿದದ್ದು ತಾನಾಗಿಯೇ ಹರಿದು ಬಂತು: ಅಪ್ಪ ಕುಡಿದು ಗಿರಾಕಿಗಳ ಗಡಿಯಾರಗಳನ್ನು ಗೋಡೆಗೆ ಎಸೆದದ್ದು, ಅಮ್ಮನಿಗೆ ಹೊಡೆದದ್ದು, ಒಂದು ಬೆಳಿಗ್ಗೆ ಅಂಗಡಿಯಲ್ಲೇ ಮೊಣಕಾಲೂರಿ ಬಾಟಲಿಯನ್ನು ಚರಂಡಿಗೆ ಸುರಿದದ್ದು. ಹೇಳಿ ಮುಗಿಸುವಾಗ ಅವಳಿಗೇ ಅಳು ಬಂದಿತ್ತು. ರೂಮಿನ ಜೊತೆಗಾತಿ, ಎತ್ತರಕ್ಕೆ ತಕ್ಕಂತೆ ಎಲ್ಲರ ಬಾಯಲ್ಲೂ ‘ಉದ್ದಕ್ಕ’ ಆಗಿದ್ದವಳು, ಅವಳನ್ನು ತಬ್ಬಿಕೊಂಡು ಕಿವಿಯಲ್ಲಿ ಹೇಳಿದಳು: “ನಮ್ಮನೇಲೂ ಇದೇ ಕಣೇ. ಇಷ್ಟು ದಿನ ಯಾರಿಗೂ ಹೇಳಿರ್ಲಿಲ್ಲ.”

ಆಗಲೇ ಸುಳ್ಳೆಂದು ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ವಾರ ಪಾಸ್ಟರ್ ಕೇಳಿಕೊಂಡರೆಂದು ಅದೇ ಕಥೆಯನ್ನು ಚಾಪೆಲ್‌ನಲ್ಲಿ ಎಂಟುನೂರು ಜನರ ಮುಂದೆ, ಇನ್ನಷ್ಟು ಚೆನ್ನಾಗಿ, ಹೇಳಿದಳು. ಅದನ್ನು ವೀಡಿಯೊ ಮಾಡಿ ವಿಶ್ವವಿದ್ಯಾಲಯದ ಪುಟದಲ್ಲಿ ಹಾಕಿದರು. ಊಟದ ಸಾಲಿನಲ್ಲಿ ಗುರುತಿಲ್ಲದವರೂ ಅವಳಿಗೆ ಜಾಗ ಬಿಟ್ಟುಕೊಡತೊಡಗಿದರು.

ಪೋಷಕರ ದಿನದ ವಿಷಯವನ್ನು ಅವಳು ಮನೆಗೆ ತಿಳಿಸಲೇ ಇಲ್ಲ. ಆದರೆ ಆಹ್ವಾನಪತ್ರ ಆಫೀಸಿನಿಂದಲೇ ಹೋಗಿತ್ತು. ಅಮ್ಮನಿಗೆ ಮಂಡಿನೋವು, ಅಪ್ಪ ಒಬ್ಬನೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಸ್ಸಿಳಿದು, ಗೇಟಿನಲ್ಲಿ ನಿಂತು ಮಗಳನ್ನು ಹುಡುಕುತ್ತಿದ್ದ. ಅವಳು ಓಡಿಹೋಗಿ ತಲುಪುವಷ್ಟರಲ್ಲಿ, ಯಾರ ತಂದೆಯೆಂದು ವಿಚಾರಿಸಿಕೊಂಡ ಪಾಸ್ಟರ್ ಅವನ ಎರಡೂ ಕೈ ಹಿಡಿದಾಗಿತ್ತು.

“ಈ ಕೈಗಳನ್ನ ನೋಡ್ಬೇಕು ಅಂತ ಎಷ್ಟು ದಿನದಿಂದ ಕಾಯ್ತಿದ್ದೆ. ಈಗ ಒಂಚೂರೂ ನಡುಗಲ್ಲ, ಅಲ್ವಾ?”

“ನಡುಗಿದ್ರೆ ನಮ್ಮ ಕೆಲಸ ನಡೆಯುತ್ತಾ ಸಾರ್?” ಎಂದು ಅಪ್ಪ ನಕ್ಕ.

“ಬಿಟ್ಟು ಎಷ್ಟು ವರ್ಷ ಆಯ್ತು?”

“ಏನನ್ನ?”

“ಕುಡಿಯೋದನ್ನ.”

ಅಪ್ಪ ಮಗಳ ಕಡೆ ತಿರುಗಿದ. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಕೆಟ್ಟ ಗಡಿಯಾರ ಬಿಚ್ಚಿದಾಗ ನೋಡುವಂತೆ, ಏನನ್ನೂ ಮುಟ್ಟದೆ, ಅವಳನ್ನು ಒಂದು ಕ್ಷಣ ನೋಡಿದ. “ಆಯ್ತು,” ಎಂದ. “ತುಂಬಾ ವರ್ಷ ಆಯ್ತು.”

ಅವನನ್ನು ವೇದಿಕೆಗೆ ಕರೆದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹುಟ್ಟಿದಂದಿನಿಂದ ಒಂದು ಹನಿ ಹೆಂಡ ಮುಟ್ಟದ ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಅದನ್ನು ಎಲ್ಲರೂ ಪಶ್ಚಾತ್ತಾಪವೆಂದುಕೊಂಡರು. ಮೂರನೇ ಸಾಲಿನಲ್ಲಿದ್ದ ಮೌನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕೆಳಗಿಳಿದವನ ಬಳಿ ಉದ್ದಕ್ಕ ಬಂದಳು. “ಅಂಕಲ್, ಮೊದಮೊದಲು ಹೇಗೆ ತಡ್ಕೊಂಡ್ರಿ? ನಮ್ಮಪ್ಪನಿಗೆ ಹೇಳ್ಬೇಕು.”

ಅಪ್ಪ ಅಂಗಿಯ ತೋಳು ಸರಿಮಾಡಿಕೊಂಡ. “ನಂಗೆ ಗೊತ್ತಿಲ್ಲಮ್ಮ. ನಿಜವಾಗ್ಲೂ ಗೊತ್ತಿಲ್ಲ.”

ಅವಳು ಅದನ್ನು ವಿನಯವೆಂದು ತಿಳಿದಳು. ತನ್ನಪ್ಪ ಮಾತಾಡಲೆಂದು ಫೋನ್ ನಂಬರ್ ಕೇಳಿದಳು. ಅವನು ಬರೆದುಕೊಟ್ಟ.

ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅಪ್ಪ ಮಗಳು ಅಕ್ಕಪಕ್ಕ ಕೂತರು.

“ನಿಮ್ಮಮ್ಮನ್ನ ಹೊಡೀತಿದ್ದೆ ಅಂತಾನೂ ಹೇಳಿದೀಯಾ?”

“ಹೂಂ.”

“ಎಷ್ಟು ಸಲ?”

“ಒಂದು ಸಲ,” ಎಂದಳು. ಒಂದು ಸಲವೆಂದರೆ ತಪ್ಪು ಚಿಕ್ಕದಾಗುತ್ತದೆಯೇನೋ ಎಂಬಂತೆ.

ಅಪ್ಪ ರಸ್ತೆ ನೋಡುತ್ತ ಹೇಳಿದ: “ವೇದಿಕೆ ಮೇಲೆ ನಿಂತೆ, ನಿನಗೋಸ್ಕರ. ಆ ಉದ್ದನೆ ಹುಡುಗಿಯ ಅಪ್ಪ ಫೋನ್ ಮಾಡಿದ್ರೆ ಮಾತ್ರ ನಾನು ಸುಳ್ಳು ಹೇಳೋಕಾಗಲ್ಲ ಪುಟ್ಟಿ. ಆ ಮನುಷ್ಯ ನಿಜವಾಗಿ ಕುಡಿಯೋನು.” ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಸ್ಸು ಬಂತು, ಕಿಟಕಿಯಿಂದ ಕೈಯನ್ನೂ ಬೀಸಿದ.

ಮರುದಿನ ಅವಳು ಪಾಸ್ಟರ್ ಆಫೀಸಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಿಧಾನವಾಗಿ ಹೇಳಿದರು: “ಆ ಸಾಕ್ಷಿಯಿಂದ ಎಷ್ಟೋ ಜನಕ್ಕೆ ಒಳ್ಳೇದಾಗಿದೆ. ನನ್ನ ಹತ್ರ ಹೇಳಿದೆ, ಕರ್ತನ ಹತ್ರ ಹೇಳಿದೆ. ಸಾಕು. ಎಲ್ಲರ ಮುಂದೆ ಎಳೆದಾಡೋದು ಬೇಡ.”

ಮೆಟ್ಟಿಲಿಳಿಯುವಾಗ ಎದೆ ಹಗುರಾಯಿತು. ಹಗುರಾದದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು. ಸೀದಾ ರೂಮಿಗೆ ಹೋದಳು. ಉದ್ದಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. ಮೌನಿ ಬಾಗಿಲಲ್ಲೇ ನಿಂತು ನಿಜ ಹೇಳಿದಳು.

“ಅಂದ್ರೆ ಅವರು ಕುಡಿದೇ ಇಲ್ವಾ?”

“ಇಲ್ಲ.”

ಉದ್ದಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಪೂರ್ತಿ ಮಡಚಿ ಇಟ್ಟಳು. “ನಿನ್ನ ವೀಡಿಯೊನ ನಮ್ಮಪ್ಪನಿಗೆ ಕಳಿಸಿದ್ದೆ. ನೋಡಿದ ಮೇಲೆ ಮುಟ್ಟಿಲ್ಲ. ಇವತ್ತಿಗೆ ಹನ್ನೊಂದು ದಿನ. ಅವರಿಗೆ ಏನು ಹೇಳ್ಲಿ, ನೀನೇ ಹೇಳು.”



ಸೋಮವಾರ ಚಾಪೆಲ್‌ನಲ್ಲಿ ಪ್ರಾರ್ಥನೆಯ ಕೋರಿಕೆಗಳನ್ನು ಹೇಳುವ ಸಮಯಕ್ಕೆ ಅವಳು ಮೈಕಿನ ಮುಂದೆ ಹೋಗಿ ನಿಂತಳು. ಪಾಸ್ಟರ್ ಅರ್ಧ ಎದ್ದು ಮತ್ತೆ ಕೂತರು. “ನಮ್ಮಪ್ಪ ಯಾವತ್ತೂ ಕುಡಿದಿಲ್ಲ. ಅಮ್ಮನ ಮೇಲೆ ಕೈ ಎತ್ತಿಲ್ಲ. ನಾನು ಸುಳ್ಳು ಹೇಳಿದೆ. ನಿಮಗೆಲ್ಲ ಇಷ್ಟ ಆಗ್ಲಿ ಅಂತ ಹೇಳಿದೆ.” ಯಾರೂ ಅಳಲಿಲ್ಲ, ಆಮೆನ್ ಅನ್ನಲಿಲ್ಲ.

ವೀಡಿಯೊ ಅಳಿಸಿಹಾಕಿದರು. ಉದ್ದಕ್ಕ ಬೇರೆ ರೂಮಿಗೆ ಹೋದಳು. ಶುಕ್ರವಾರದ ಗುಂಪಿನಲ್ಲಿ ಮೌನಿಗಾಗಿ, ಅವಳ ಎದುರಲ್ಲೇ, ಗಟ್ಟಿಯಾಗಿ ಪ್ರಾರ್ಥಿಸಿದರು. ಅವಳು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು.

ತಿಂಗಳಾದ ಮೇಲೆ ಅಮ್ಮ ಫೋನಿನಲ್ಲಿ ಕೇಳಿದಳು: “ಯಾರೋ ದಿನಾ ಸಂಜೆ ನಿಮ್ಮಪ್ಪಂಗೆ ಫೋನ್ ಮಾಡ್ತಾನೆ ಕಣೇ. ಇವರು ಅಂಗಡಿ ಬಾಗಿಲು ಮುಚ್ಕೊಂಡು ಅರ್ಧ ಗಂಟೆ ಮಾತಾಡ್ತಾರೆ. ಮೊನ್ನೆ, ‘ನಂಗೆ ಅದರ ರುಚಿ ಗೊತ್ತಿಲ್ಲಪ್ಪ, ಆದ್ರೂ ಮಾತಾಡು, ಫೋನ್ ಇಡಬೇಡ’ ಅಂತಿದ್ರು. ನಡುವೆ ಎರಡು ಸಲ ಕುಡಿದನಂತೆ ಅವನು. ಯಾರೇ ಅದು?”

ಅಪ್ಪ ಹೇಳಿರಲಿಲ್ಲ. ಹೇಳುವುದೂ ಇಲ್ಲ.

“ಕೂತ್ಕೋಮ್ಮ, ಹೇಳ್ತೀನಿ,” ಎಂದು ಮೌನಿ ಮೊದಲಿನಿಂದ ಹೇಳಿದಳು, ಹೊಡೆದ ಮಾತನ್ನೂ ಬಿಡದೆ. ಕೊನೆಗೆ, “ನನ್ನನ್ನ ಹೊಡೆಸ್ಕೊಂಡೋಳನ್ನಾಗಿ ಮಾಡಿದೆ,” ಎಂದಷ್ಟೇ ಹೇಳಿ ಅಮ್ಮ ಫೋನ್ ಇಟ್ಟಳು.

ಮೂರು ಭಾನುವಾರ ಅಮ್ಮ ಫೋನಿಗೆ ಬರಲಿಲ್ಲ. “ಕೆಲಸದಲ್ಲಿದ್ದಾಳೆ” ಎಂದು ಅಪ್ಪ ಮಾತು ತೇಲಿಸಿದ. ನಾಲ್ಕನೇ ಭಾನುವಾರ ಬಂದು, ಊಟ ಸರಿಯಾಗಿ ಮಾಡುತ್ತಿದ್ದೀಯಾ ಎಂದು ಕೇಳಿದಳು. ಮಾಡುತ್ತಿದ್ದೇನೆ ಎಂದಳು ಮೌನಿ. ಆ ಮೇಲೆ ಇಬ್ಬರೂ ಮಂಡಿನೋವಿನ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದರು.